ಮೂರು ದ್ವೀಪ, ಮೂರು ಕೋಟಿ ಹೆಸರು

ಟೊಕೆಲಾವ್‌ಗೆ ವಿಮಾನವಿಲ್ಲ. ವಿಮಾನ ಇಳಿಯುವಷ್ಟು ಉದ್ದದ ನೆಲವೇ ಸಿದ್ಧವಿಲ್ಲದ ಮೇಲೆ ವಿಮಾನವೆಲ್ಲಿಂದ ಬರಬೇಕು? ಅಲ್ಲಿಗೆ ಹೋಗುವವರು ಮೊದಲು ಪೆಸಿಫಿಕ್ ಸಾಗರದ ನಡುವಿನ ಸಮೋವಾ ದೇಶದ ರಾಜಧಾನಿ ಏಪಿಯಾವನ್ನು ಸೇರಬೇಕು. ಅಲ್ಲಿಂದ ಉತ್ತರಕ್ಕೆ ಸುಮಾರು 500 ಕಿಲೋಮೀಟರ್ ಹಡಗಿನ ಪ್ರಯಾಣ. ಒಂದು ಹಗಲು, ಒಂದು ರಾತ್ರಿ. ಸಮುದ್ರ ಮುನಿಸಿಕೊಂಡರೆ ಇನ್ನೂ ಹೆಚ್ಚು. ದ್ವೀಪ ಕಣ್ಣಿಗೆ ಬಿದ್ದ ಮೇಲೂ ಹಡಗು ದಡಕ್ಕೆ ಬರುವುದಿಲ್ಲ, ಏಕೆಂದರೆ ಬಂದರಿಲ್ಲ. ಹವಳದ ದಿಬ್ಬದ ಆಚೆಗೇ ಅದು ನಿಲ್ಲುತ್ತದೆ. ಜನ, ಅಕ್ಕಿ ಮೂಟೆ, ಡೀಸೆಲ್ ಪೀಪಾಯಿ ಎಲ್ಲವನ್ನೂ ಸಣ್ಣ ದೋಣಿಗಳಿಗೆ ಇಳಿಸಿಕೊಂಡು, ಅಲೆ ತಗ್ಗಿದ ಗಳಿಗೆ ನೋಡಿ ದಿಬ್ಬದಲ್ಲಿ ಕೊರೆದ ಕಿರುದಾರಿಯಿಂದ ಒಳಗೆ ತರುತ್ತಾರೆ.

ಅತಾಫು, ನುಕುನೊನು, ಫಕಾವೊಫೊ ಎಂಬ ಮೂರು ಹವಳದ ದ್ವೀಪಗಳು ಸೇರಿ ಟೊಕೆಲಾವ್. ಒಟ್ಟು ನೆಲ ಹತ್ತರಿಂದ ಹನ್ನೆರಡು ಚದರ ಕಿಲೋಮೀಟರ್. ಬೆಂಗಳೂರಿನ ಲಾಲ್‌ಬಾಗಿನಂಥ ಹನ್ನೆರಡು ತೋಟಗಳನ್ನು ಅಕ್ಕಪಕ್ಕ ಇಟ್ಟರೆ ಆಗುವಷ್ಟು, ಅಷ್ಟೇ. ಎತ್ತರವೆಂದರೆ ಸಮುದ್ರಮಟ್ಟದಿಂದ ನಾಲ್ಕೈದು ಮೀಟರ್. ತೆಂಗಿನ ಮರಗಳನ್ನು ಬಿಟ್ಟರೆ ಅದಕ್ಕಿಂತ ಎತ್ತರದ್ದು ಅಲ್ಲಿ ಹೆಚ್ಚೇನಿಲ್ಲ. ಜನಸಂಖ್ಯೆ ಸುಮಾರು 1,500. ನ್ಯೂಜಿಲೆಂಡಿನ ಆಶ್ರಯದಲ್ಲಿರುವ ಪ್ರದೇಶ. ರಾಜಧಾನಿ ಎಂಬುದಿಲ್ಲ, ಒಂದೊಂದು ದ್ವೀಪಕ್ಕೂ ಅದರದೇ ಆಡಳಿತ.

ಇಂಥ ಊರು ಒಂದು ವಿಷಯದಲ್ಲಿ ಚೀನಾ, ಜರ್ಮನಿ, ಬ್ರಿಟನ್ನುಗಳನ್ನು ಹಿಂದೆ ಹಾಕಿತ್ತು ಎಂದರೆ ನಂಬುತ್ತೀರಾ? ದೇಶ ಮತ್ತು ಪ್ರದೇಶಗಳ ಹೆಸರಿನಡಿ ನೋಂದಣಿಯಾದ ಇಂಟರ್‌ನೆಟ್ ವಿಳಾಸಗಳನ್ನು 2016ರ ಸುಮಾರಿಗೆ ಎಣಿಸಿದಾಗ ಮೊದಲ ಸ್ಥಾನದಲ್ಲಿದ್ದದ್ದು ಟೊಕೆಲಾವ್. ಮೂರು ಕೋಟಿಗೂ ಹೆಚ್ಚು ವಿಳಾಸಗಳು. ನಮ್ಮ ಏಳನೆಯ ತರಗತಿಯ ಭಾಗಾಕಾರ ಮಾಡಿ ನೋಡಿ: ಹಸುಗೂಸೂ ಸೇರಿ ತಲೆಗೆ ಇಪ್ಪತ್ತು ಸಾವಿರ. ಆ ವಿಳಾಸಗಳಲ್ಲಿ ಬಹುಪಾಲು ಖಾಲಿ ಎಂಬುದು ಲೆಕ್ಕದ ಇನ್ನೊಂದು ಮುಖ.

ಹಟ್ ಕಣಿವೆಯ ನೆರೆಯವರು

ನಾನು ಟೊಕೆಲಾವ್‌ಗೆ ಹೋಗಿಲ್ಲ. ಹೋದದ್ದು ಲೋಯರ್ ಹಟ್‌ಗೆ. 2024ರ ಏಪ್ರಿಲಿನಲ್ಲಿ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಮುಗಿಸಿಕೊಂಡು, ಮಗಳ ಮನೆಯಲ್ಲಿ ಬೇಸಿಗೆ ರಜೆ ಕಳೆಯಲು ನ್ಯೂಜಿಲೆಂಡಿಗೆ ಹೊರಟೆ. ಬೇಸಿಗೆ ರಜೆ ನಮಗೆ. ಅಲ್ಲಿ ಆಗ ಎಲೆ ಉದುರುವ ಕಾಲ. ವೆಲಿಂಗ್ಟನ್ನಿನಿಂದ ರೈಲು ಹತ್ತಿದರೆ ಸ್ವಲ್ಪ ದೂರ ಕೊಲ್ಲಿಯ ಅಂಚಿನಲ್ಲೇ ಓಡಿ, ಪೆಟೋನಿಯ ಬಳಿ ತಿರುಗಿ ಹಟ್ ನದಿಯ ಕಣಿವೆಯೊಳಕ್ಕೆ ನುಗ್ಗುತ್ತದೆ. ಎರಡೂ ಬದಿಗೆ ಗುಡ್ಡ, ನಡುವೆ ಮಟ್ಟಸ ನೆಲ, ಸಾಲು ಸಾಲಾಗಿ ಮರದ ಮನೆಗಳು. ಗಾಳಿ ಮಾತ್ರ ಒಂದು ದಿನವೂ ಸುಮ್ಮನಿರುವುದಿಲ್ಲ. ಅಂಗಳದಲ್ಲಿ ಬಟ್ಟೆ ಒಣಹಾಕುವುದೇ ಒಂದು ಸಾಹಸ.

ಟೊಕೆಲಾವಿನ ಜನರನ್ನು ನೋಡಬೇಕೆಂದರೆ ಬರಬೇಕಾದದ್ದು ಇಲ್ಲಿಗೇ. 2018ರ ಜನಗಣತಿಯಂತೆ ನ್ಯೂಜಿಲೆಂಡಿನಲ್ಲಿರುವ ಟೊಕೆಲಾವ್ ಮೂಲದವರು 8 ಸಾವಿರಕ್ಕೂ ಹೆಚ್ಚು, ಎಂದರೆ ದ್ವೀಪಗಳಲ್ಲಿ ಉಳಿದಿರುವವರ ಐದು ಪಟ್ಟು. ಅವರಲ್ಲಿ ಹೆಚ್ಚಿನವರು ನೆಲೆಸಿರುವುದು ಈ ಹಟ್ ಕಣಿವೆ ಮತ್ತು ಪಕ್ಕದ ಪೊರಿರುವಾದಲ್ಲಿ. 1948ರಿಂದಲೂ ಅವರು ನ್ಯೂಜಿಲೆಂಡಿನ ಪ್ರಜೆಗಳು. 1960ರ ದಶಕದಲ್ಲಿ ದ್ವೀಪಗಳಲ್ಲಿ ಜನ ಹೆಚ್ಚಾಗಿ, 1966ರ ಚಂಡಮಾರುತದಲ್ಲಿ ತೆಂಗು ನೆಲಕಚ್ಚಿದ ಮೇಲೆ, ಸರ್ಕಾರದ ನೆರವಿನಲ್ಲೇ ಬಹಳಷ್ಟು ಕುಟುಂಬಗಳು ಇತ್ತ ಬಂದವು.

ಮಗಳ ಮನೆಯ ಬೇಲಿಯಾಚೆ ಇದ್ದ ಹಿರಿಯರು ಹಾಗೆ ಬಂದವರಲ್ಲೊಬ್ಬರು. ಫಕಾವೊಫೊದಲ್ಲಿ ಹುಟ್ಟಿದವರು, ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ನಾನು ಮೇಷ್ಟ್ರು ಎಂದು ತಿಳಿದ ದಿನದಿಂದ ದಿನಕ್ಕೊಂದು ಪ್ರಶ್ನೆ ಇಟ್ಟುಕೊಂಡು ಬೇಲಿಯ ಬಳಿ ಕಾಯುತ್ತಿದ್ದರು. ಹವಳದ ದ್ವೀಪ ಹೇಗೆ ಹುಟ್ಟುತ್ತದೆ ಎಂಬುದನ್ನು ನಾನು ಅವರಿಗೆ ವಿವರಿಸಿದೆ: ಸಮುದ್ರದಿಂದ ಎದ್ದ ಜ್ವಾಲಾಮುಖಿ, ಅದರ ಸುತ್ತ ಹವಳದ ಬಳೆ, ಜ್ವಾಲಾಮುಖಿ ನಿಧಾನವಾಗಿ ಕುಸಿಯುತ್ತ ಹೋದಂತೆ ಹವಳ ಮಾತ್ರ ಬೆಳಕಿನಾಸೆಗೆ ಮೇಲೇರುತ್ತ ಹೋಗಿ, ಕೊನೆಗೆ ಗುಡ್ಡ ಮಾಯವಾಗಿ ಬಳೆಯೊಂದೇ ಉಳಿಯುತ್ತದೆ. ಡಾರ್ವಿನ್ 1842ರಲ್ಲೇ ಹೀಗೆಂದು ಬರೆದ. ಅವರು ತಲೆಯಾಡಿಸಿ, "ನಮ್ಮ ಅಜ್ಜಂದಿರ ಕಥೆ ಬೇರೆ ಇದೆ, ಆದರೆ ನಿಮ್ಮದೂ ಚೆನ್ನಾಗಿದೆ" ಎಂದರು.

ಡಾಟ್ ಟಿಕೆ ವಿಷಯ ಎತ್ತಿದ್ದು ನಾನೇ. ಅದಕ್ಕೆ ಕಾರಣವಿತ್ತು. 2010ರ ನಂತರದ ಕೆಲವು ವರ್ಷ ನಮ್ಮ ಊರಿನ ಹುಡುಗರಿಗೆ, ಅದರಲ್ಲೂ ಎಂಜಿನಿಯರಿಂಗ್ ಸೇರಿದವರಿಗೆ, ಈ ಎರಡು ಅಕ್ಷರ ಬಹಳ ಪ್ರಿಯವಾಗಿದ್ದವು. ಪ್ರಾಜೆಕ್ಟಿಗೊಂದು ವಿಳಾಸ, ಕ್ರಿಕೆಟ್ ತಂಡಕ್ಕೊಂದು, ಗಣೇಶನ ಸಮಿತಿಗೊಂದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಶಾಲೆಯ ವಿಜ್ಞಾನ ಸಂಘಕ್ಕೂ ಒಂದನ್ನು ಮಾಡಿಕೊಟ್ಟಿದ್ದ. "ಕಾಸಿಲ್ಲ ಸಾರ್, ಫ್ರೀ" ಎಂದ. ಟಿಕೆ ಎಂದರೇನಪ್ಪ ಎಂದಾಗ, "ಟೆಕ್ನಾಲಜಿ ಇರಬೇಕು ಸಾರ್" ಎಂದ. ಶಾಲೆಯ ಗೋಡೆಯ ಭೂಪಟದಲ್ಲಿ ಅವನೂ ನಾನೂ ಸೇರಿ ಹುಡುಕಿದೆವು. ಸಮೋವಾದ ಮೇಲೆ ಬರಿಯ ನೀಲಿ ಬಣ್ಣವಿತ್ತು.

ಕೊನೆಗೆ ಬರುವ ಊರಿನ ಹೆಸರು

ನಮ್ಮಲ್ಲಿ ಹೆಸರಿನ ಹಿಂದೆ ಇನಿಶಿಯಲ್ ಇರುತ್ತದೆಯಷ್ಟೆ. ಊರಿನ ಹೆಸರು ಮೊದಲು, ಆಮೇಲೆ ತಂದೆಯ ಹೆಸರು, ಕೊನೆಗೆ ನಾವು. ಇಂಟರ್‌ನೆಟ್ಟಿನಲ್ಲಿ ಇದು ತಿರುಗುಮುರುಗು. ವಿಳಾಸದ ಬಲತುದಿಯಲ್ಲಿ ಬರುವುದು ಊರು. ಭಾರತಕ್ಕೆ ಡಾಟ್ ಇನ್, ಜರ್ಮನಿಗೆ ಡಾಟ್ ಡಿಇ, ನ್ಯೂಜಿಲೆಂಡಿಗೆ ಡಾಟ್ ಎನ್‌ಜೆಡ್.

ಕಂಪ್ಯೂಟರುಗಳಿಗೆ ಹೆಸರು ಬೇಕಿಲ್ಲ, ಅವು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಅಂಕಿ ನೆನಪಿಡಲಾರದ ನಮ್ಮಂಥವರಿಗಾಗಿ, ಹೆಸರು ಕೊಟ್ಟರೆ ಅಂಕಿ ಹುಡುಕಿಕೊಡುವ ವ್ಯವಸ್ಥೆಯೊಂದನ್ನು 1983ರಲ್ಲಿ ಅಮೆರಿಕದ ಪಾಲ್ ಮೊಕಪೆಟ್ರಿಸ್ ರೂಪಿಸಿದರು. ನೀವು ಒಂದು ವಿಳಾಸ ಒತ್ತಿದಾಗ ನಡೆಯುವುದು ಟಪಾಲು ವಿಂಗಡಣೆಯ ಹಾಗೆ. ಮೊದಲು ಬೇರು ಕಂಪ್ಯೂಟರನ್ನು ಕೇಳಬೇಕು: "ಟಿಕೆ ಎಂಬ ಊರಿನ ದಫ್ತರ ಎಲ್ಲಿದೆ?" ಅದು ತೋರಿಸಿದ ಕಡೆ ಹೋಗಿ, "ಈ ಹೆಸರಿನವರ ಮನೆ ಯಾವುದು?" ಎಂದು ವಿಚಾರಿಸಬೇಕು. ಅಲ್ಲಿ ಸಿಕ್ಕ ಅಂಕಿ ಹಿಡಿದು ಮನೆ ಸೇರಬೇಕು. ಇಷ್ಟೂ ಕಣ್ಣುರೆಪ್ಪೆ ಬಡಿಯುವುದರೊಳಗೆ ಮುಗಿಯುತ್ತದೆ.

ಯಾವ ದೇಶಕ್ಕೆ ಯಾವ ಎರಡಕ್ಷರ ಎಂದು ತೀರ್ಮಾನಿಸುವ ತಲೆನೋವನ್ನು ಇಂಟರ್‌ನೆಟ್ಟಿನವರು ಮೈಮೇಲೆ ಎಳೆದುಕೊಳ್ಳಲಿಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1974ರಿಂದಲೇ ಇಟ್ಟುಕೊಂಡು ಬಂದಿದ್ದ ದೇಶಗಳ ಪಟ್ಟಿಯನ್ನು ಹಾಗೇ ತೆಗೆದುಕೊಂಡರು. ಆ ಪಟ್ಟಿಯಲ್ಲಿ ಸ್ವತಂತ್ರ ದೇಶಗಳಷ್ಟೇ ಅಲ್ಲ, ದೂರದ ದ್ವೀಪಗಳೂ ಇದ್ದವು. ಹಾಗಾಗಿ ಟೊಕೆಲಾವ್‌ಗೂ ಒಂದು ಪಾಲು ತಾನಾಗಿ ದೊರೆಯಿತು. ಡಾಟ್ ಟಿಕೆ ಜಾರಿಗೆ ಬಂದದ್ದು 1997ರಲ್ಲಿ. ದ್ವೀಪಗಳಿಗೆ ಹೊರಜಗತ್ತಿನ ಟೆಲಿಫೋನ್ ಸಂಪರ್ಕ ಸರಿಯಾಗಿ ಬಂದದ್ದೂ ಅದೇ ವರ್ಷ! ಮನೆಗೆ ಇನ್ನೂ ಬಾಗಿಲೇ ಇಟ್ಟಿರದವರಿಗೆ ಊರಗಲದ ಬಡಾವಣೆ ಮಂಜೂರಾದ ಹಾಗೆ.

ಈ ಊರಿನ ಹೆಸರುಗಳನ್ನು ನೋಡಿಕೊಳ್ಳುವವರು ಹೇಗಿರಬೇಕು ಎಂದು ಜಾನ್ ಪೋಸ್ಟೆಲ್ 1994ರ ಮಾರ್ಚಿಯಲ್ಲಿ ಒಂದು ಟಿಪ್ಪಣಿ ಬರೆದಿದ್ದಾರೆ. ಹೆಸರುಗಳ ಪಟ್ಟಿಯನ್ನು ಬಹುಕಾಲ ಒಂಟಿ ಕೈಯಲ್ಲಿ ನಿಭಾಯಿಸಿದವರು ಅವರು. ಇಲ್ಲಿ ಹಕ್ಕು, ಒಡೆತನ ಎಂಬ ಮಾತು ಸಲ್ಲದು. ಜವಾಬ್ದಾರಿ, ಸಮುದಾಯದ ಸೇವೆ ಎಂಬುದೇ ಸರಿಯಾದ ಮಾತು ಎಂಬುದು ಅವರ ಧೋರಣೆ. ಪೋಸ್ಟೆಲ್ 1998ರಲ್ಲಿ ತೀರಿಕೊಂಡರು. ಆ ಹೊತ್ತಿಗೆ ಹೆಸರುಗಳಿಗೆ ಒಡೆಯರೂ ದಲ್ಲಾಳಿಗಳೂ ಹುಟ್ಟಿಕೊಂಡಾಗಿತ್ತು.

ಬೇಲಿ ಹಾಕಿದ ಸೈಟು

ಖಾಲಿ ಹೆಸರು ಎಂದರೇನು ಎಂದು ಹೆತ್ತವರಿಗೆ ವಿವರಿಸಬೇಕಿಲ್ಲ. ನಮ್ಮ ಯಾವ ಊರಿನ ಹೊಸ ಬಡಾವಣೆಗೆ ಹೋದರೂ ಅದು ಕಣ್ಣಿಗೆ ಕಾಣುತ್ತದೆ. ಹತ್ತು ಮನೆಗೆ ಇಪ್ಪತ್ತು ಖಾಲಿ ಸೈಟು. ಕಲ್ಲು ನೆಟ್ಟು ತಂತಿ ಬಿಗಿದಿರುತ್ತಾರೆ, ಒಳಗೆ ಪಾರ್ಥೇನಿಯಂ ಎದೆಮಟ್ಟ ಬೆಳೆದಿರುತ್ತದೆ. ಮೂಲೆಯ ಸೈಟಾದರೆ ಯಾರೋ ಜಾಹೀರಾತಿನ ಫಲಕ ನಿಲ್ಲಿಸಿರುತ್ತಾರೆ. ಓಡಾಡುವವರ ಕಣ್ಣು ಬೀಳುವುದಕ್ಕೇ ಬಾಡಿಗೆ.

ಇಂಟರ್‌ನೆಟ್ಟಿನಲ್ಲೂ ಹಾಗೇ. ಹೆಸರು ನೋಂದಾಯಿಸಿ ಏನೂ ಕಟ್ಟದೆ ಬಿಟ್ಟರೆ ಅದನ್ನು "ಪಾರ್ಕ್" ಮಾಡಿದ ಹೆಸರು ಎನ್ನುತ್ತಾರೆ, ರಸ್ತೆಬದಿಗೆ ಗಾಡಿ ನಿಲ್ಲಿಸಿದಂತೆ. ಅಂಥ ವಿಳಾಸಕ್ಕೆ ಹೋದರೆ ಕಾಣುವುದು ಒಂದು ಬೋಳು ಪುಟ, ಒಂದಷ್ಟು ಜಾಹೀರಾತಿನ ಕೊಂಡಿಗಳು, "ಈ ಹೆಸರು ಮಾರಾಟಕ್ಕಿದೆ" ಎಂಬ ಸಾಲು. ದಾರಿತಪ್ಪಿ ಬಂದವರು ಒಂದು ಕೊಂಡಿ ಒತ್ತಿದರೆ ಫಲಕದ ಯಜಮಾನನಿಗೆ ಕೆಲವು ಪೈಸೆ. ಒಂದು ಹೆಸರಿನಿಂದ ಚಹಾಕ್ಕೂ ಆಗದು. ಆದರೆ ಲಕ್ಷ ಹೆಸರಿದ್ದರೆ?

ದಾರಿತಪ್ಪುವವರಿಗೇನೂ ಕೊರತೆಯಿಲ್ಲ. ಡಾಟ್ ಕಾಮ್ ಎಂದು ಟೈಪು ಮಾಡುವಾಗ ಒಂದು ಅಕ್ಷರ ಬಿಟ್ಟುಹೋದರೆ ನೀವು ಸೇರುವುದು ಆಫ್ರಿಕದ ಕ್ಯಾಮರೂನಿಗೆ, ಅದರ ಗುರುತು ಡಾಟ್ ಸಿಎಂ. 2006ರಲ್ಲಿ ಆ ದೇಶದ ಹೆಸರಿನಡಿ ಯಾರೂ ನೋಂದಾಯಿಸದ ವಿಳಾಸ ಒತ್ತಿದರೂ ಜಾಹೀರಾತಿನ ಪುಟವೇ ತೆರೆದುಕೊಳ್ಳುವಂತೆ ಮಾಡಿದ್ದರು. ಬೆರಳು ತಪ್ಪಿದ್ದು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ, ಸಂಪಾದನೆ ಇನ್ನೆಲ್ಲೋ.

ಉಚಿತ ಎಂಬ ವ್ಯಾಪಾರ

ಟೊಕೆಲಾವಿನಲ್ಲಿ ನಡೆದದ್ದು ಇದರ ಮುಂದಿನ ಪಾಠ. ಯೋಸ್ಟ್ ಜುರ್ಬಿಯರ್ ಎಂಬ ಡಚ್ ಉದ್ಯಮಿ ಈ ದ್ವೀಪಗಳ ಹೆಸರಿಗೆ ಗಿರಾಕಿಯಾಗಿ ಬಂದರು. ಎಲ್ಲರೂ ಹೆಸರು ಮಾರುತ್ತಿದ್ದಾಗ ಅವರ ಉಪಾಯ ಬೇರೆ: ಹೆಸರನ್ನು ಪುಕ್ಕಟೆ ಕೊಡುವುದು. ದ್ವೀಪಗಳ ದೂರಸಂಪರ್ಕ ಸಂಸ್ಥೆ ಟೆಲಿಟಾಕ್ ಜೊತೆ ಒಪ್ಪಂದವಾಯಿತು. ಟೊಕೆಲಾವಿಗೆ ಹಣ ಬಂತು, ಇಂಟರ್‌ನೆಟ್ ಸೌಕರ್ಯಕ್ಕೆ ನೆರವೂ ಸಿಕ್ಕಿತು. ನ್ಯೂಜಿಲೆಂಡಿನ ಅನುದಾನ ಮತ್ತು ಮೀನುಗಾರಿಕೆಯ ಪರವಾನಗಿ ಶುಲ್ಕ ಬಿಟ್ಟರೆ ಬೇರೆ ಗಳಿಕೆಯಿಲ್ಲದ ಜನಕ್ಕೆ ಅದು ಸಣ್ಣದಲ್ಲ. ಆ ಕಂಪನಿಯೇ ಮುಂದೆ ಫ್ರೀನಾಮ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು.

ಪುಕ್ಕಟೆ ಕೊಟ್ಟು ಬದುಕುವುದು ಹೇಗೆ? ಹೆಸರು ಪಡೆದವನು ಅವಧಿ ಮುಗಿದರೂ ನವೀಕರಿಸದಿದ್ದರೆ, ನಿಯಮ ಮೀರಿದರೆ, ನಿಗದಿತ ದಿನಗಳಲ್ಲಿ ಸಾಕಷ್ಟು ಜನ ಅವನ ಪುಟಕ್ಕೆ ಬಾರದಿದ್ದರೆ, ಹೆಸರು ಕಂಪನಿಗೆ ವಾಪಸ್ಸು. ಬೇರೆಡೆ ಅಂಥ ಹೆಸರನ್ನು ಪಟ್ಟಿಯಿಂದ ಅಳಿಸುತ್ತಾರೆ. ಇಲ್ಲಿ ಅಳಿಸಲಿಲ್ಲ, ಅಲ್ಲಿ ಜಾಹೀರಾತಿನ ಫಲಕ ನಿಂತಿತು. ಹುಡುಗ ತನ್ನ ವಿಳಾಸವನ್ನು ಗೆಳೆಯರಿಗೆ ಹಂಚಿರುತ್ತಾನೆ, ಎಲ್ಲೆಲ್ಲೋ ಬರೆದಿರುತ್ತಾನೆ. ಆ ಹಳೆಯ ದಾರಿ ಹಿಡಿದು ಬರುವವರೇ ಕಂಪನಿಯ ಬಂಡವಾಳ. ಮನೆ ಬಿದ್ದುಹೋದ ಮೇಲೂ ನೆಂಟರು ಹುಡುಕಿಕೊಂಡು ಬರುತ್ತಾರಲ್ಲ, ಹಾಗೆ.

ಮೂರು ಕೋಟಿಯ ಗುಟ್ಟು ಇದೇ. ಅದು ಬದುಕಿದ್ದ ಮನೆಗಳ ಎಣಿಕೆಯಲ್ಲ, ಬೇಲಿ ಹಾಕಿಕೊಂಡ ಸೈಟುಗಳನ್ನೂ ಸೇರಿಸಿದ ಎಣಿಕೆ. ಪತ್ರಿಕೆಗಳು ಮಾತ್ರ ಇದನ್ನು ಟೊಕೆಲಾವಿನ ವಿಕ್ರಮವೆಂದು ಬರೆದವು. ಅಂಕಿಅಂಶ ನೋಡಿದಾಗ "ಏನನ್ನು ಎಣಿಸಿದ್ದಾರೆ?" ಎಂದು ಕೇಳುವ ಅಭ್ಯಾಸವನ್ನು ಮಕ್ಕಳಿಗೆ ಎಂಟನೆಯ ತರಗತಿಯಿಂದಲೇ ಕಲಿಸಬೇಕೆಂದು ನನ್ನ ಹಳೆಯ ವಾದ. ಇಂಥ ಉದಾಹರಣೆ ಸಿಕ್ಕಿದರೆ ಬಿಡುವುದುಂಟೆ?

ಖಾಲಿ ಸೈಟಿನಲ್ಲಿ ಪಾರ್ಥೇನಿಯಂ ಮಾತ್ರ ಬೆಳೆಯುವುದಿಲ್ಲ, ರಾತ್ರಿ ಹೊತ್ತು ಬೇರೆ ವ್ಯವಹಾರವೂ ನಡೆಯುತ್ತದೆ. ಕಾಸಿಲ್ಲದೆ, ಗುರುತುಪತ್ರವಿಲ್ಲದೆ ನಿಮಿಷದಲ್ಲಿ ಹೆಸರು ಸಿಗುವುದಾದರೆ ಅದರಿಂದ ಹೆಚ್ಚು ಅನುಕೂಲ ಯಾರಿಗೆ? ಬ್ಯಾಂಕಿನ ಪುಟವನ್ನೇ ಹೋಲುವ ನಕಲಿ ಪುಟ ಕಟ್ಟಿ ಪಾಸ್‌ವರ್ಡ್ ಕದಿಯುವವರಿಗೆ. ಒಂದು ವಿಳಾಸ ಮುಚ್ಚಿಸಿದರೆ ಅವರು ಹತ್ತು ತೆಗೆದುಕೊಂಡರು. ವಂಚನೆಯ ವಿಳಾಸಗಳ ಲೆಕ್ಕ ಇಡುವವರ ವರದಿಗಳಲ್ಲಿ ಡಾಟ್ ಟಿಕೆ ವರ್ಷ ವರ್ಷವೂ ಮುಂದಿನ ಸಾಲಿನಲ್ಲಿ ಕಾಣಿಸಿಕೊಂಡಿತು. ಎಷ್ಟೋ ಕಚೇರಿಗಳ ಕಂಪ್ಯೂಟರುಗಳು ಡಾಟ್ ಟಿಕೆ ಎಂದು ಕೊನೆಯಾಗುವ ಪತ್ರವನ್ನು ತೆರೆಯದೆಯೇ ಕಸದ ಬುಟ್ಟಿಗೆ ಹಾಕತೊಡಗಿದವು.

ಬೇಲಿಯಾಚೆಯ ಹಿರಿಯರಿಗೆ ಈ ಯಾವ ತಾಂತ್ರಿಕ ವಿವರವೂ ಬೇಕಿರಲಿಲ್ಲ. ಅವರು ಹೇಳಿದ್ದು ಇಷ್ಟು: "ಮೊದಲು ನಮ್ಮ ಊರಿನ ಹೆಸರು ಯಾರಿಗೂ ಗೊತ್ತಿರಲಿಲ್ಲ, ಮೇಷ್ಟ್ರೇ. ಆಮೇಲೆ ಎಲ್ಲರಿಗೂ ಗೊತ್ತಾಯಿತು, ಕೆಟ್ಟ ಪತ್ರಗಳ ಕೊನೆಯಲ್ಲಿ." ಟೊಕೆಲಾವ್ ಎಂದರೆ ಅವರ ನುಡಿಯಲ್ಲಿ ಉತ್ತರದ ಗಾಳಿ. ಹದಿನೈದೇ ಅಕ್ಷರಗಳ ಆ ನುಡಿ ಈಗ ಅಳಿವಿನಂಚಿನ ನುಡಿಗಳ ಪಟ್ಟಿಯಲ್ಲಿದೆ. ಅದನ್ನು ಉಳಿಸಿಕೊಳ್ಳಲೆಂದು ನ್ಯೂಜಿಲೆಂಡಿನಲ್ಲಿ ಪ್ರತಿ ವರ್ಷ ಒಂದು ವಾರ ಟೊಕೆಲಾವ್ ಭಾಷಾ ಸಪ್ತಾಹ ನಡೆಸುತ್ತಾರೆ. ಆ ನುಡಿಯಲ್ಲಿ ಒಂದು ಪುಟವೂ ಇಲ್ಲದ ಕೋಟಿಗಟ್ಟಲೆ ವಿಳಾಸಗಳು ಆ ನುಡಿಯ ನಾಡಿನ ಹೆಸರನ್ನು ಹೊತ್ತು ತಿರುಗಿದವು. ಟೊಕೆಲಾವಿನ ಸರ್ಕಾರದ ಸ್ವಂತ ಜಾಲತಾಣವೋ, ವರ್ಷಗಟ್ಟಲೆ ಇದ್ದದ್ದು ನ್ಯೂಜಿಲೆಂಡಿನ ಡಾಟ್ ಎನ್‌ಜೆಡ್ ಅಡಿಯಲ್ಲಿ!

ನೆರೆಹೊರೆಯ ದ್ವೀಪಗಳು

ಎರಡಕ್ಷರದ ಅದೃಷ್ಟ ಎಲ್ಲರಿಗೂ ಒಂದೇ ಥರ ಒಲಿಯಲಿಲ್ಲ. ಟೊಕೆಲಾವಿನ ಪಶ್ಚಿಮಕ್ಕಿರುವ ಟುವಾಲು ಎಂಬ ಪುಟ್ಟ ದೇಶಕ್ಕೆ ಬಂದ ಅಕ್ಷರ ಟಿವಿ. ಟೆಲಿವಿಷನ್ನಿನವರು ಬಿಡುತ್ತಾರೆಯೇ? 2000ದಲ್ಲಿ ಆದ ಒಪ್ಪಂದ 5 ಕೋಟಿ ಡಾಲರಿನದು, ಹಲವು ವರ್ಷಗಳಲ್ಲಿ ಬರತಕ್ಕದ್ದು. ಆ ಹಣದ ಬಲದಿಂದಲೇ ಟುವಾಲು ಅದೇ ವರ್ಷ ವಿಶ್ವಸಂಸ್ಥೆಯ ಸದಸ್ಯತ್ವ ಪಡೆಯಿತು. ಕೆರಿಬಿಯನ್ನಿನ ಆಂಗ್ವಿಲಾಕ್ಕೆ ಬಂದದ್ದು ಎಐ. ಕೃತಕ ಬುದ್ಧಿಮತ್ತೆಯ ಭರಾಟೆಯಲ್ಲಿ 2023ರೊಂದರಲ್ಲೇ ಸುಮಾರು 3.2 ಕೋಟಿ ಡಾಲರ್ ಗಳಿಕೆ, ಸರ್ಕಾರದ ವರಮಾನದ ಐದನೆಯ ಒಂದು ಪಾಲಿಗೂ ಮೇಲು. ಇತ್ತ ನಿಯುವೆ ದ್ವೀಪದ ಕಥೆ ನೋಡಿ. ಅದರ ಎನ್‌ಯು ಎಂಬುದು ಸ್ವೀಡಿಷ್ ನುಡಿಯಲ್ಲಿ "ಈಗ" ಎಂಬ ಪದ, ಹಾಗಾಗಿ ಸ್ವೀಡನ್ನಿನವರು ಮುಗಿಬಿದ್ದು ಕೊಂಡರು. ಆದರೆ ಆ ಹಣ ತನಗೆ ಸೇರಬೇಕಿತ್ತೆಂದು ನಿಯುವೆ ವರ್ಷಗಳಿಂದ ಹೋರಾಡಿಕೊಂಡು ಬಂದಿದೆ.

ನಮ್ಮ ಡಾಟ್ ಇನ್ ಕೂಡ ಇಂಗ್ಲಿಷಿನಲ್ಲಿ "ಒಳಗೆ" ಎಂಬ ಅರ್ಥ ಕೊಡುವ ಪದವೇ. 2005ರಲ್ಲಿ ಅದನ್ನು ಜನಸಾಮಾನ್ಯರಿಗೆ ತೆರೆದ ಮೇಲೆ ಅಲ್ಲೂ ಸೈಟು ಹಿಡಿಯುವವರ ನೂಕುನುಗ್ಗಲಾಯಿತು. ಈಗ ಕನ್ನಡ ಲಿಪಿಯಲ್ಲೇ ಬರೆಯುವ "ಡಾಟ್ ಭಾರತ" ಎಂಬ ಪ್ರತ್ಯಯವೂ ನಮಗಿದೆ. ಬೇಲಿ ಹಾಕುವವರಿಗಿಂತ ಮೊದಲು ಮನೆ ಕಟ್ಟುವವರು ಅಲ್ಲಿಗೆ ಹೋಗಬೇಕಾಗಿದೆ.

ಒಂದು ಬಡಾವಣೆ ಅಳಿದ ಬಗೆ

ಫ್ರೀನಾಮ್ ಕಂಪನಿ ಟಿಕೆ ಜೊತೆಗೆ ಆಫ್ರಿಕದ ಮಾಲಿ, ಗ್ಯಾಬೊನ್, ಮಧ್ಯ ಆಫ್ರಿಕ ಗಣರಾಜ್ಯ, ಈಕ್ವಟೋರಿಯಲ್ ಗಿನಿಗಳ ಹೆಸರುಗಳನ್ನೂ ಉಚಿತವಾಗಿ ಹಂಚುತ್ತಿತ್ತು. ಮಾಲಿಯ ಗುರುತು ಎಂಎಲ್, ಅಮೆರಿಕದ ಸೇನೆಯದು ಎಂಐಎಲ್. ಒಂದಕ್ಷರ ಬಿಟ್ಟು ಟೈಪು ಮಾಡಿದ ಸೇನೆಯ ಪತ್ರಗಳು ವರ್ಷಗಟ್ಟಲೆ ಲಕ್ಷಗಟ್ಟಲೆಯಾಗಿ ಮಾಲಿಯ ವಿಳಾಸಗಳಿಗೆ ಹರಿದುಬಂದದ್ದು 2023ರ ಜುಲೈಯಲ್ಲಿ ಸುದ್ದಿಯಾಯಿತು. ಅದನ್ನು ಬಯಲಿಗೆ ತಂದವರು ಇದೇ ಜುರ್ಬಿಯರ್ ಎಂಬುದನ್ನೂ ಹೇಳಬೇಕು. ಅವರ ಹತ್ತು ವರ್ಷದ ಗುತ್ತಿಗೆ ಮುಗಿದು, ಹೆಸರು ಮಾಲಿ ಸರ್ಕಾರದ ಕೈಗೆ ಹೋಗುವ ಹೊತ್ತು ಅದು. ಗ್ಯಾಬೊನ್ ಕೂಡ ಅದೇ ವರ್ಷ ತನ್ನ ಹೆಸರನ್ನು ವಾಪಸ್ಸು ಪಡೆಯಿತು.

ಅಷ್ಟರಲ್ಲಿ ಫೇಸ್‌ಬುಕ್ಕಿನ ಒಡೆಯ ಸಂಸ್ಥೆಯಾದ ಮೆಟಾ ಅಮೆರಿಕದ ನ್ಯಾಯಾಲಯದಲ್ಲಿ ಫ್ರೀನಾಮ್ ಮೇಲೆ ದಾವೆ ಹೂಡಿತ್ತು. ವಂಚನೆಯ ವಿಳಾಸಗಳ ದೂರಿಗೆ ಕಂಪನಿ ಕಿವಿಗೊಡುತ್ತಿಲ್ಲ, ಅವುಗಳಿಂದ ಬರುವ ಓಡಾಟದಿಂದಲೇ ಹಣ ಮಾಡುತ್ತಿದೆ ಎಂಬುದು ಆರೋಪ. 2023ರ ಆರಂಭದಲ್ಲಿ ಫ್ರೀನಾಮ್ ಹೊಸ ನೋಂದಣಿ ನಿಲ್ಲಿಸಿತು. 2024ರ ಫೆಬ್ರುವರಿಯಲ್ಲಿ ರಾಜಿಯಾಗಿ, ತಾನು ಈ ವ್ಯವಹಾರದಿಂದಲೇ ಹೊರಗೆ ಹೋಗುವುದಾಗಿ ಕಂಪನಿ ಪ್ರಕಟಿಸಿತು. ಆ ಬೆನ್ನಿಗೇ ಟಿಕೆ ಮತ್ತು ಆಫ್ರಿಕದ ಇನ್ನೆರಡು ಹೆಸರುಗಳಡಿ ಇದ್ದ ಒಂದು ಕೋಟಿಗೂ ಹೆಚ್ಚು ವಿಳಾಸಗಳು ಉತ್ತರಿಸುವುದನ್ನು ನಿಲ್ಲಿಸಿಬಿಟ್ಟವು. ಬೆಂಕಿಯಿಲ್ಲ, ಸದ್ದಿಲ್ಲ. ದಫ್ತರದಿಂದ ಸಾಲುಗಳನ್ನು ಹೊಡೆದುಹಾಕಿದರು, ಮನೆಗಳು ಇಲ್ಲವಾದವು. ಅವುಗಳಲ್ಲಿ ವಂಚಕರ ಅಡ್ಡೆಗಳೂ ಇದ್ದವು, ಬೋಳು ಫಲಕಗಳೂ ಇದ್ದವು, ಯಾವನೋ ವಿದ್ಯಾರ್ಥಿ ರಾತ್ರಿಯೆಲ್ಲ ಕುಳಿತು ಕಟ್ಟಿದ ಪುಟಗಳೂ ಇದ್ದವು.

ನಮ್ಮ ವಿಜ್ಞಾನ ಸಂಘದ ವಿಳಾಸ ನೆನಪಾಗಿ, ಮಗಳ ಕಂಪ್ಯೂಟರಿನಲ್ಲಿ ಒತ್ತಿ ನೋಡಿದೆ. "ಅಪ್ಪ, ಅಂಥ ಊರೇ ಇಲ್ಲ ಅನ್ನುತ್ತಿದೆ" ಎಂದು ಮಗಳು ನಕ್ಕಳು. ಅದನ್ನು ಕಟ್ಟಿದ ಹುಡುಗನಿಗೆ ಫೋನು ಮಾಡಿದರೆ ಅವನಿಗೆ ಹೆಸರೇ ಮರೆತುಹೋಗಿತ್ತು. ಮಕ್ಕಳು ಬರೆದಿದ್ದ ಸೂರ್ಯಗ್ರಹಣದ ವರದಿಯ ಕಾಗದದ ಪ್ರತಿ ಶಾಲೆಯ ಬೀರುವಿನಲ್ಲಿದೆ. ಆ ಬಗ್ಗೆ ಚಿಂತೆಯಿಲ್ಲ.

ಬಿಸಿಲು, ತಂತಿ, ಮೀನು

ಟೊಕೆಲಾವ್ ಎಂದರೆ ಡಾಟ್ ಟಿಕೆ ಅಷ್ಟೇ ಎಂದುಕೊಳ್ಳುವುದು ಅನ್ಯಾಯ. 2012ರಲ್ಲಿ ಮೂರೂ ದ್ವೀಪಗಳಲ್ಲಿ 4,032 ಸೌರಫಲಕಗಳನ್ನೂ 1,344 ಬ್ಯಾಟರಿಗಳನ್ನೂ ಜೋಡಿಸಿ, ಡೀಸೆಲ್ ಜನರೇಟರುಗಳನ್ನು ಬಹುಮಟ್ಟಿಗೆ ನಿಲ್ಲಿಸಿದರು. ವಿದ್ಯುತ್ತಿನ ಅಗತ್ಯವನ್ನು ಹೆಚ್ಚುಕಡಿಮೆ ಪೂರ್ತಿ ಬಿಸಿಲಿನಿಂದಲೇ ಪಡೆದ ಜಗತ್ತಿನ ಮೊದಲ ನಾಡು ಎಂಬ ಹೆಸರು ಬಂತು. ಈ ಹೆಸರು ಖಾಲಿಯದಲ್ಲ. 2011ರ ಡಿಸೆಂಬರ್ 30ನೇ ತಾರೀಖು ಅವರ ಕ್ಯಾಲೆಂಡರಿನಲ್ಲಿ ಇಲ್ಲವೇ ಇಲ್ಲ ಎಂಬುದೂ ಮಕ್ಕಳಿಗೆ ಇಷ್ಟವಾಗುವ ಸಂಗತಿ: ನ್ಯೂಜಿಲೆಂಡಿನ ದಿನಕ್ಕೆ ತಮ್ಮ ದಿನ ಹೊಂದಲೆಂದು ಸಮೋವಾ ಮತ್ತು ಟೊಕೆಲಾವ್ ಅಂತರರಾಷ್ಟ್ರೀಯ ದಿನಾಂಕ ರೇಖೆಯ ಇನ್ನೊಂದು ಬದಿಗೆ ಸರಿದು, 29ರಿಂದ ನೇರ 31ಕ್ಕೆ ಜಿಗಿದವು. 2006 ಮತ್ತು 2007ರಲ್ಲಿ ಸ್ವಯಮಾಡಳಿತಕ್ಕಾಗಿ ಎರಡು ಸಲ ಜನಮತ ಕೇಳಿದರು. ಎರಡು ಸಲವೂ ಬಹುಮತ ಬಂತು, ಬೇಕಿದ್ದ ಮೂರನೆಯ ಎರಡು ಭಾಗ ಮಾತ್ರ ಕೂದಲೆಳೆಯಲ್ಲಿ ತಪ್ಪಿತು.

2022ರಲ್ಲಿ ಸಾಗರದಡಿಯ ತಂತಿಯೂ ಬಂತು. ಆಸ್ಟ್ರೇಲಿಯ, ನ್ಯೂಜಿಲೆಂಡುಗಳಿಂದ ಅಮೆರಿಕಕ್ಕೆ ಹೋಗುವ ಹೊಸ ಕೇಬಲ್ಲಿನ ಒಂದು ಕವಲು ಟೊಕೆಲಾವಿಗೆ ತಿರುಗಿತು. ಅಲ್ಲಿಯವರೆಗೂ ಉಪಗ್ರಹದ ಮೂಲಕ ತೊಟ್ಟುತೊಟ್ಟಾಗಿ ಬರುತ್ತಿದ್ದ ಇಂಟರ್‌ನೆಟ್ ಈಗ ಬೆಳಕಿನ ಎಳೆಯಲ್ಲಿ ಹರಿಯುತ್ತದೆ. ಕೋಟಿ ಕೋಟಿ ಹೆಸರುಗಳನ್ನು ಜಗತ್ತಿಗೆ ಹಂಚಿದ ಕಾಲದಲ್ಲಿ ದ್ವೀಪದವರಿಗೆ ಒಂದು ಚಿತ್ರ ತೆರೆಯಲು ಎಷ್ಟು ಹೊತ್ತು ಬೇಕಾಗಿತ್ತು ಎಂಬುದನ್ನು ಹಿರಿಯರು ಕೈಸನ್ನೆಯಲ್ಲೇ ತೋರಿಸಿದರು: ಹೊಗೆಸೊಪ್ಪು ತೆಗೆದು, ಸುರುಳಿ ಮಾಡಿ, ಹಚ್ಚಿ, ಸೇದಿ ಮುಗಿಸುವಷ್ಟು.

ನಾನು ಹೊರಡುವುದಕ್ಕೆ ಎರಡು ದಿನ ಮುಂಚೆ, ಒಂದು ಸಂಜೆ, ಅವರು ಬೇಲಿಯ ಬಳಿ ಕರೆದು ಮೊಬೈಲ್ ಫೋನ್ ಮುಂದೆ ಹಿಡಿದರು. ತೆರೆಯ ಮೇಲೆ ಫಕಾವೊಫೊ. ಅವರ ತಮ್ಮನ ಮಗ ಅಲ್ಲಿಂದ ಮಾತಾಡುತ್ತಿದ್ದ. ಲೋಯರ್ ಹಟ್‌ಗಿಂತ ಅಲ್ಲಿ ಆಗ ಒಂದು ಗಂಟೆ ಮುಂದೆ. ಬಿಳಿಯ ಹವಳದ ನೆಲ, ತೆಂಗಿನ ಸೋಗೆಯ ನೆರಳು, ಮಧ್ಯದಲ್ಲಿ ಮೀನಿನ ರಾಶಿಗಳು. ದೋಣಿಗಳು ಆಗ ತಾನೇ ಬಂದಿದ್ದವು. ಅಲ್ಲಿ ಊರಿಗೆಂದು ಹಿಡಿದ ಮೀನು ಹಿಡಿದವನದಲ್ಲ. ಅದನ್ನು ನೆಲದ ಮೇಲೆ ಸುರಿದು, ಮನೆಯಲ್ಲಿ ಎಷ್ಟು ಜನರೆಂದು ನೋಡಿ ಎಲ್ಲ ಮನೆಗಳಿಗೂ ಪಾಲು ಹಾಕುತ್ತಾರೆ. ದೋಣಿ ಹತ್ತಲಾಗದ ಮುದುಕಿಗೂ ಒಂದು ಪಾಲು, ಮೊನ್ನೆ ಹುಟ್ಟಿದ ಕೂಸಿನ ಲೆಕ್ಕದಲ್ಲೂ ಒಂದಿಷ್ಟು. ಇದಕ್ಕೆ ಇನಾತಿ ಎಂದು ಹೆಸರು. ಪಾಲು ಹಾಕುವವರು ಮನೆಗಳ ಹೆಸರನ್ನು ಒಂದೊಂದಾಗಿ ಕೂಗುತ್ತಿದ್ದರು. ಪ್ರತಿ ಹೆಸರಿಗೂ ಒಂದು ಮಗು ಓಡಿಬಂದು, ತೆಂಗಿನ ಗರಿಯ ಬುಟ್ಟಿಯಲ್ಲಿ ತಮ್ಮ ಪಾಲನ್ನು ತುಂಬಿಕೊಂಡು ಹೋಗುತ್ತಿತ್ತು.

"ನಮ್ಮ ಮನೆಯ ಹೆಸರು ಈಗ ಬರುತ್ತದೆ, ಇರಿ" ಎಂದು ಹಿರಿಯರು ಫೋನನ್ನು ಕಿವಿಗೆ ಹತ್ತಿರ ಹಿಡಿದರು.